ನಾಟಿ ಕೋಳಿ ತಳಿ ಉಳಿಸುವವರಿಗೆ: ಯಾವ ಕೋಳಿ, ಎಷ್ಟು ಹುಂಜ, ಕಾವಿಗೆ ಕೋಳಿಯೋ ಮೆಷಿನ್ನೋ?

ತೋಟದಲ್ಲಿ ಹತ್ತಿಪ್ಪತ್ತು ಕೋಳಿ ಸಾಕಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು. "ಯಾವ ಕೋಳಿ ತಂದರೆ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ. "ಮೊಟ್ಟೆಗಾ, ಸಾರಿಗಾ, ಇಲ್ಲಾ ಮರಿ ಮಾಡಿಸಿ ತಳಿ ಮುಂದುವರಿಸೋಕಾ?"

ಮೊಟ್ಟೆ, ಮಾಂಸ ಅಷ್ಟೇ ಸಾಕು ಅನ್ನುವವರ ದಾರಿ ಸುಲಭ. ಮರಿ ಕೊಂಡು ತಂದು ಬೆಳೆಸಿ, ಮುಗಿದ ಮೇಲೆ ಮತ್ತೆ ತಂದರಾಯಿತು. ಈ ಬರಹ ಅವರಿಗಲ್ಲ. ಹತ್ತೋ ಹದಿನೈದೋ ಕೋಳಿ ಇಟ್ಟುಕೊಂಡು, ವರ್ಷ ವರ್ಷ ತಮ್ಮದೇ ಮರಿ ಎಬ್ಬಿಸಿ, ಹತ್ತು ವರ್ಷದ ಮೇಲೂ ಅದೇ ಬಳ್ಳಿ, ಅಂದರೆ ಅದೇ ವಂಶ, ಅಂಗಳದಲ್ಲಿ ಇರಬೇಕು ಅನ್ನುವವರಿಗೆ ಇದು. ಅಲ್ಲಿ ಲೆಕ್ಕವೇ ಬೇರೆ. ವರ್ಷಕ್ಕೆ 180 ಮೊಟ್ಟೆ ಇಟ್ಟು ಒಂದು ದಿನವೂ ಕಾವು ಕೂರದ ಕೋಳಿಗಿಂತ, 50 ಮೊಟ್ಟೆ ಇಟ್ಟು ಎಂಟು ಮರಿ ದೊಡ್ಡದು ಮಾಡುವ ಹೇಂಟೆ ದೊಡ್ಡದು. ನಾನು ಯಾವ ಕೋಳಿಯನ್ನೇ ನೋಡಲಿ, ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮರಿ ತಂದೆತಾಯಿಯ ಹಾಗೇ ಬರುತ್ತಾ? ತಾಯಿ ತಾನೇ ಕಾವು ಕೂತು ಮರಿ ಸಾಕುತ್ತಾ? ಬಣ್ಣ, ತೂಕ, ಬೆಲೆ ಎಲ್ಲ ಆಮೇಲೆ.

ಮೊದಲು ಬದಿಗಿಡಬೇಕಾದವು

ಗಿರಿರಾಜ, ಸ್ವರ್ಣಧಾರಾ, ವನರಾಜ. ಮೂರೂ ಒಳ್ಳೆಯ ಕೋಳಿಗಳೇ. ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಸಿದ್ಧವಾದದ್ದು. ಹಿತ್ತಿಲಲ್ಲಿ ಮೇಯ್ದು ಬೇಗ ತೂಕ ಬರಲಿ, ಮೊಟ್ಟೆಯೂ ಸಿಗಲಿ ಅಂತ ಮಾಡಿದ್ದು. ಸ್ವರ್ಣಧಾರಾ ಅಲ್ಲಿಂದಲೇ ಆಮೇಲೆ ಬಂತು. ವನರಾಜ ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯದು. ಎಷ್ಟೋ ಮನೆಗಳ ಹೆಣ್ಣುಮಕ್ಕಳ ಕೈಗೆ ಇವು ನಾಲ್ಕು ಕಾಸು ತಂದುಕೊಟ್ಟಿವೆ.

ಆದರೆ ಇವು ಬೇರೆ ಬೇರೆ ಬಳ್ಳಿಗಳನ್ನು ಬೆರೆಸಿ ಮಾಡಿದ ಕೋಳಿಗಳು. ಮನೆಯಲ್ಲಿ ಇವುಗಳಿಂದ ಮರಿ ಮಾಡಿಸಿದರೆ ಒಂದು ದೊಡ್ಡದು, ಒಂದು ಸಣ್ಣದು, ಒಂದು ಬೇಗ ಬೆಳೆಯುತ್ತೆ, ಒಂದು ಬೆಳೆಯೋದೇ ಇಲ್ಲ. ಎರಡನೇ ತಲೆಮಾರಿಗೆ ಆ ಗುಣ ಚದುರಿಹೋಗುತ್ತೆ. ಕಾವು ಕೂರುವ ಬುದ್ಧಿಯೂ ಕಡಿಮೆ. ಅದಕ್ಕೇ ಪ್ರತಿ ಸಲ ಹ್ಯಾಚರಿಯಿಂದಲೇ ಮರಿ ತರಬೇಕು. ತಳಿ ಕಟ್ಟುವ ಆಸೆಗೂ ಇವಕ್ಕೂ ಹೊಂದೋದಿಲ್ಲ. ಗಿರಿರಾಜ ಹುಂಜವನ್ನು ನಾಟಿ ಹೇಂಟೆಗಳ ನಡುವೆ ಬಿಟ್ಟರೆ ಮರಿ ದಪ್ಪ ಬರುತ್ತೆ, ನಿಜ. ಆದರೆ ಮೂರ್ನಾಲ್ಕು ವರ್ಷದಲ್ಲಿ ನಿಮ್ಮ ನಾಟಿ ಹೇಂಟೆಗಳ ತಾಯ್ತನ ಕರಗಿಹೋಗಿರುತ್ತೆ. ಎಷ್ಟೋ ಊರುಗಳಲ್ಲಿ ಇದೇ ಆಗಿದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಊರ ನಾಟಿ: ಹೆಸರಿಲ್ಲ, ಆದರೆ ಎಲ್ಲ ಇದೆ

ನಮ್ಮ ತೋಟ ತುಮಕೂರು ಕಡೆ. ಇಲ್ಲಿ 'ನಾಟಿ' ಅಂದರೆ ಒಂದು ತಳಿಯಲ್ಲ. ಕೆಂಪು, ಕಪ್ಪು, ಚುಕ್ಕೆ, ಬೂದು ಎಲ್ಲ ಬಣ್ಣವೂ ಇದೆ. ಹುಂಜ ಎರಡು ಕಿಲೋ ಆಸುಪಾಸು, ಹೇಂಟೆ ಒಂದೂಕಾಲು, ಒಂದೂವರೆ. ಒಂದು ಸರದಿಗೆ 10ರಿಂದ 15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. ವರ್ಷಕ್ಕೆ ಮೂರ್ನಾಲ್ಕು ಸರದಿ. ಮೊಟ್ಟೆ 40, 45 ಗ್ರಾಂ ಇರುತ್ತೆ.

ಈ ಸಂಖ್ಯೆ ನೋಡಿ ಕಡಿಮೆ ಅನ್ನಿಸಬಹುದು. ಆದರೆ ಹದ್ದಿನ ನೆರಳು ಬಿದ್ದ ಕೂಡಲೇ ಒಂದೇ ಕೂಗಿಗೆ ಹತ್ತು ಮರಿಯನ್ನು ರೆಕ್ಕೆಯೊಳಗೆ ಎಳೆದುಕೊಳ್ಳುವ ಹೇಂಟೆಯನ್ನು ನೋಡಿದವರು ಈ ಕೋಳಿಯನ್ನು ಕೀಳಾಗಿ ಕಾಣೋದಿಲ್ಲ. ತಲೆತಲಾಂತರದಿಂದ ನಮ್ಮ ಬಿಸಿಲು, ನಮ್ಮ ಮುಂಗುಸಿ, ನಮ್ಮ ತಿಪ್ಪೆ ಇವನ್ನು ಆರಿಸಿವೆ. ಉಳಿಯಲು ಆಗದ್ದು ಉಳಿದಿಲ್ಲ, ಅಷ್ಟೇ. ಕೆಲವಕ್ಕೆ ಹಳದಿ ಕಾಲು ಇರುತ್ತಲ್ಲ, ಅದರ ಹಿಂದೊಂದು ಕಥೆ ಇದೆ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಹಳದಿ ಚರ್ಮದ ಗುಣ ಮಾತ್ರ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳಗಿನ ಜಾವ ಕೂಗುವುದು ಅದೇ ಕೋಳಿ. ಹಾಗಂತ ಕಾಡಿನಿಂದ ಮೊಟ್ಟೆ ತಂದು ಬೆರೆಸಲು ಹೋಗಬೇಡಿ. ಅದಕ್ಕೆ ವನ್ಯಜೀವಿ ಕಾನೂನಿನ ರಕ್ಷಣೆ ಇದೆ.

ಮೊದಲ ಸಲ ತಳಿ ಕಟ್ಟುವವರಿಗೆ ನನ್ನ ಆಯ್ಕೆ ಇದೇ. ಬೇರೆ ಯಾವುದೇ ತಳಿ ಇಟ್ಟರೂ ಜೊತೆಗೆ ಮೂರ್ನಾಲ್ಕು ಊರ ನಾಟಿ ಹೇಂಟೆ ಇರಲೇಬೇಕು. ಯಾಕೆ ಅಂತ ಕಡಕನಾಥ್ ವಿಷಯದಲ್ಲೇ ಗೊತ್ತಾಗುತ್ತೆ.

ಕಡಕನಾಥ್ ತರಬೇಕೆ?

ಇದರ ಊರು ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಕಡೆ. ಅಲ್ಲಿನ ಭಿಲ್, ಭಿಲಾಲ ಜನ ತಲೆಮಾರುಗಳಿಂದ ಸಾಕಿಕೊಂಡು ಬಂದಿದ್ದಾರೆ. ಅವರ ಬಾಯಲ್ಲಿ ಇದು 'ಕಾಲಿ ಮಾಸಿ', ಅಂದರೆ ಕಪ್ಪು ಮಾಂಸದ ಕೋಳಿ. ಝಾಬುವಾ ಕಡಕನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಆಮೇಲೆ ನಮ್ಮ ಕಡೆಯೂ ಬೇಡಿಕೆ ಏರಿತು. ಜೊತೆಗೆ ಮೋಸವೂ ಏರಿತು.

ನಾನೂ ಮೊದಲ ಸಲ ಮೋಸಹೋದೆ. ಒಬ್ಬರ ಹತ್ತಿರ 20 ಮರಿ ತಂದೆ. ಎಲ್ಲ ಕಪ್ಪಗಿದ್ದವು. ನಾಲ್ಕು ತಿಂಗಳಿಗೆ ಆರೇಳು ಹುಂಜಗಳ ಜುಟ್ಟು ಕೆಂಪಾಯಿತು, ಒಂದೆರಡರ ಪಾದ ಬಿಳಿಚಿಕೊಂಡಿತು. ಬೆರಕೆ ಅಂತ ಆಗ ತಿಳಿಯಿತು. ಕಪ್ಪು ಮಾಡುವ ಗುಣ ಜೋರಿನದು. ಬೇರೆ ಹೇಂಟೆಗಳ ಜೊತೆ ಕಡಕನಾಥ್ ಹುಂಜ ಬಿಟ್ಟರೆ ಬೆರಕೆ ಮರಿಗಳಲ್ಲೂ ಬಹಳಷ್ಟು ಕಪ್ಪಗೇ ಹುಟ್ಟುತ್ತವೆ. ಹಾಗಾಗಿ ಮರಿ ನೋಡಿ ತಳಿ ಹೇಳೋಕೆ ಆಗೋದಿಲ್ಲ. ಬೆಳೆದ ಕೋಳಿಯ ಜುಟ್ಟು, ನಾಲಿಗೆ, ಬಾಯೊಳಗು, ಗರಿ ಸರಿಸಿದರೆ ಕಾಣುವ ಚರ್ಮ, ಪಾದದ ಅಡಿ, ಇಷ್ಟನ್ನೂ ನೋಡಿ. ಮರಿ ತರುವುದಾದರೆ ತಂದೆತಾಯಿಯನ್ನು ತೋರಿಸಿ ಅನ್ನಿ. ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಇನ್ನು ಕಪ್ಪು ಮೊಟ್ಟೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ಕಡಕನಾಥ್ ಮೊಟ್ಟೆ ತಿಳಿ ಕಂದು ಬಣ್ಣದ್ದೇ.

ಗುಣಕ್ಕೆ ಬಂದರೆ, ಗಟ್ಟಿ ಕೋಳಿ. ಒಳ್ಳೆ ಹುಂಜ ಎರಡು ಕಿಲೋ ಹತ್ತಿರ ಬರುತ್ತೆ. ವರ್ಷಕ್ಕೆ 80ರಿಂದ 100 ಮೊಟ್ಟೆ, ಅಂದರೆ ನಾಟಿಗಿಂತ ಜಾಸ್ತಿ. ಮರಿ ತಂದೆತಾಯಿಯ ಹಾಗೇ ಬರುತ್ತೆ. ಆದರೆ ಎರಡನೇ ಪ್ರಶ್ನೆಯಲ್ಲಿ ಸೋಲುತ್ತೆ, ಕಾವು ಕೂರುವುದು ತೀರಾ ಕಡಿಮೆ. ಕೂತರೂ ನಡುವೆ ಎದ್ದು ಹೋಗುವುದುಂಟು. ಅದಕ್ಕೇ ಹೇಳಿದ್ದು, ಕಡಕನಾಥ್ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡಬೇಕು. ಈಗ ನಮ್ಮಲ್ಲಿ ಕರಿ ಮರಿಗಳೆಲ್ಲ ಕೆಂಪು ಹೇಂಟೆಗಳ ಹಿಂದೆ ಓಡಾಡಿಕೊಂಡೇ ಬೆಳೆಯುತ್ತವೆ. ನಾಟಿ ಹುಂಜ ಮಾತ್ರ ಕಡಕನಾಥ್ ಹೇಂಟೆಗಳ ಹತ್ತಿರ ಸುಳಿಯದ ಹಾಗೆ ಬೇಲಿ ಇರಬೇಕು. ಆ ಬೇಲಿಗೆ ಜಾಗ ಇಲ್ಲದವರು ಎರಡು ತಳಿ ಇಡೋಕೆ ಹೋಗಬೇಡಿ.

ಅಸೀಲ್: ದೊಡ್ಡ ಕೋಳಿ, ದೊಡ್ಡ ಜವಾಬ್ದಾರಿ

ಎತ್ತರದ ನಿಲುವು, ಉದ್ದ ಕುತ್ತಿಗೆ, ಗಟ್ಟಿಯಾಗಿ ಮೈಗೆ ಅಂಟಿದ ಗರಿ, ಗಿಡ್ಡ ಜುಟ್ಟು. ಅಸೀಲ್ ಹುಂಜ ನಿಂತರೆ ಎಂಥವರೂ ತಿರುಗಿ ನೋಡಬೇಕು. ಆಂಧ್ರ, ಛತ್ತೀಸಗಢ, ಒಡಿಶಾ ಇದರ ನೆಲೆ. ಚೆನ್ನಾಗಿ ಬೆಳೆದ ಹುಂಜ 4 ಕಿಲೋ ದಾಟುತ್ತೆ, ಹೇಂಟೆ 3ರ ಹತ್ತಿರ. ಇಂಗ್ಲೆಂಡಿನಲ್ಲಿ ಕಾರ್ನಿಶ್ ಅನ್ನುವ ತಳಿ ಕಟ್ಟುವಾಗ ನಮ್ಮ ಅಸೀಲನ್ನು ಬಳಸಿದ್ದರು. ಇವತ್ತಿನ ಬ್ರಾಯ್ಲರ್ ಕೋಳಿಯ ಅಗಲ ಎದೆ ಆ ಕಾರ್ನಿಶ್ ಕಡೆಯಿಂದ ಬಂದದ್ದು. ಲೋಕವೆಲ್ಲ ತಿನ್ನುವ ಕೋಳಿಯಲ್ಲಿ ಒಂದು ಎಳೆ ನಮ್ಮದು. ಇದನ್ನು ನೆನೆದಾಗೆಲ್ಲ ನನಗೆ ಹೆಮ್ಮೆ.

ತಾಯ್ತನ ಚೆನ್ನಾಗಿದೆ. ಕಾವಿಗೆ ಕೂತರೆ ಕದಲೋದಿಲ್ಲ, ಮರಿಗೆ ಹಾವು ಬಂದರೂ ಎದುರು ನಿಲ್ಲುತ್ತೆ. ಆದರೆ ಮೊಟ್ಟೆ ತೀರಾ ಕಡಿಮೆ, ವರ್ಷಕ್ಕೆ 30, 40ರ ಆಸುಪಾಸು. ಮೈಭಾರಕ್ಕೆ ಕಾವಿನ ಮೊಟ್ಟೆ ಒಡೆಯುವುದೂ ಇದೆ. ಬೆಳೆಯುವುದು ನಿಧಾನ. ದೊಡ್ಡ ಕಷ್ಟ ಅಂದರೆ ಜಗಳ. ನಾಲ್ಕೈದು ತಿಂಗಳಿಗೇ ಮರಿಹುಂಜಗಳನ್ನು ಒಂದೊಂದಾಗಿ ಬೇರೆ ಮಾಡಬೇಕು. ಹೇಂಟೆಗಳೂ ಕಾದಾಡುತ್ತವೆ. ಎಂಟು ಹುಂಜ ಬೆಳೆಸಿ ಒಳ್ಳೆಯದೊಂದು ಆರಿಸೋಣ ಅಂದರೆ ಎಂಟು ಗೂಡು ಬೇಕು.

ಕೋಳಿ ಅಂಕದ ವಿಷಯ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತೆ. ಕೋಳಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಈ ತಳಿಯನ್ನು ಪ್ರೀತಿಸುವವರು ಮರಿ ಕೊಡುವಾಗ ಯಾರಿಗೆ, ಯಾತಕ್ಕೆ ಅಂತ ಕೇಳಬೇಕು. ನಾನು ಕೇಳದೆ ಒಂದನ್ನೂ ಕೊಟ್ಟಿಲ್ಲ.

ಜಾಗ ಇದ್ದು, ದಿನಾ ಎರಡು ಹೊತ್ತು ಗೂಡಿನ ಹತ್ತಿರ ನಿಲ್ಲುವ ಪುರಸೊತ್ತು ಇದ್ದರೆ ಅಸೀಲ್ ಸಾಕಿ. ಮೊದಲ ಸಲಕ್ಕೆ ಬೇಡ.

ಬೋಳು ಕುತ್ತಿಗೆ, ಘಾಗಸ್, ತಲಶ್ಶೇರಿ

ಬೋಳು ಕುತ್ತಿಗೆಯ ಕೋಳಿಯನ್ನು ಕಂಡು ರೋಗ ಅಂದುಕೊಳ್ಳುವವರಿದ್ದಾರೆ. ರೋಗ ಅಲ್ಲ, ಹುಟ್ಟುಗುಣ. ಮೈಮೇಲೂ ಗರಿ ಕಡಿಮೆ ಇರುವುದರಿಂದ ಮೈಶಾಖ ಬೇಗ ಹೊರಗೆ ಹೋಗುತ್ತೆ. ರಾಯಚೂರು, ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮಲೆನಾಡಿನ ಮಳೆ, ಚಳಿಗೆ ಇದೇ ಗುಣ ಮರಿಗಳಿಗೆ ಕಷ್ಟ.

ತಳಿ ಕಟ್ಟುವುದು ಹೇಗೆ ಅಂತ ಕಲಿಯೋಕೆ ಇದಕ್ಕಿಂತ ಒಳ್ಳೆ ಕೋಳಿ ಇಲ್ಲ. ಕುತ್ತಿಗೆಯ ಮುಂದೆ ಒಂದು ಗೊಂಚಲು ಗರಿ ಇದ್ದರೆ ಅದರಲ್ಲಿ ಈ ಗುಣ ಒಂದೇ ಪಾಲು ಇದೆ, ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು. ಪೂರ್ತಿ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ. ಗೊಂಚಲು ಇರುವ ಎರಡನ್ನು ಕೂಡಿಸಿದರೆ ನಾಲ್ಕು ಮರಿಗೆ ಸರಾಸರಿ ಒಂದು ಪೂರ್ತಿ ಬೋಳು, ಎರಡು ಗೊಂಚಲಿನವು, ಒಂದು ಮಾಮೂಲಿ ಕುತ್ತಿಗೆ. ಪೂರ್ತಿ ಬೋಳಿನ ಹುಂಜವನ್ನು ಮಾಮೂಲಿ ಹೇಂಟೆಗಳಿಗೆ ಬಿಟ್ಟರೆ ಎಲ್ಲ ಮರಿಯೂ ಗೊಂಚಲಿನವೇ. ಕಣ್ಣೆದುರೇ ಲೆಕ್ಕ ಕಾಣುತ್ತೆ. ನಮ್ಮ ಮಕ್ಕಳಿಗೆ ಇದನ್ನೇ ತೋರಿಸಿ ಹೇಳಿಕೊಟ್ಟೆ.

ಹರಿಯಾಣದ ಕರ್ನಾಲ್‌ನಲ್ಲಿ ದೇಶದ ಸಾಕುಪ್ರಾಣಿ ತಳಿಗಳನ್ನು ಗುರುತಿಸಿ ದಾಖಲಿಸುವ ಕೇಂದ್ರ ಬ್ಯೂರೋ ಇದೆ. ಅದರ ಕೋಳಿ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಇರುವುದು ಘಾಗಸ್ ಜೊತೆಗೆ. ಆಂಧ್ರ ಮತ್ತು ನಮ್ಮ ಗಡಿ ಸೀಮೆಯ ಕೋಳಿ ಅದು. ಕೋಲಾರ, ಚಿತ್ತೂರು ಕಡೆಯವರಿಗೆ ಒಳ್ಳೆ ಕೋಳಿ ಸಿಕ್ಕರೆ ಬೇರೇನೂ ಹುಡುಕಬೇಡಿ. ಗಟ್ಟಿಮುಟ್ಟು, ಕಾವೂ ಕೂರುತ್ತೆ. ತಲಶ್ಶೇರಿ ಕೋಳಿ ಕೇರಳದ ಮಲಬಾರಿನದು. ಕಪ್ಪು ಗರಿ, ಬಿಸಿಲಿಗೆ ನೀಲಿ ಹೊಳಪು. ಕಾಸರಗೋಡು, ಮಂಗಳೂರಿನ ಕರಾವಳಿ ಹವೆಗೆ ಹತ್ತಿರದ ತಳಿ ಅಂದರೆ ಅದು.

ಮೊಟ್ಟೆ ತರುವುದೋ, ಮರಿಯೋ, ಬೆಳೆದ ಕೋಳಿಯೋ?

ಕಾವು ಕೂರುವ ಹೇಂಟೆ ಮನೆಯಲ್ಲಿದ್ದರೆ ಮೊಟ್ಟೆ ತರುವುದೇ ಲೇಸು. ಬೇರೆಯವರ ಹಿಂಡಿನ ಹೇನು, ಕೆಮ್ಮು ಜೊತೆಗೆ ಬರುವ ಭಯ ಕಡಿಮೆ. ಇಟ್ಟು ಒಂದು ವಾರ ದಾಟಿರಬಾರದು. ಚೂಪು ತುದಿ ಕೆಳಗೆ ಮಾಡಿ, ಹೊಟ್ಟಿನಲ್ಲಿ ಹುದುಗಿಸಿ ತನ್ನಿ. ತಂದ ದಿನವೇ ಕಾವಿಗೆ ಇಡಬೇಡಿ, ಒಂದು ರಾತ್ರಿ ಹಾಗೇ ಕೂರಲಿ. ಬಸ್ಸಿನಲ್ಲಿ ಕುಲುಕಾಡಿ ಬಂದ 12 ಮೊಟ್ಟೆಯಲ್ಲಿ ಆರು ಮರಿಯಾದರೂ ಸಂತೋಷಪಡಿ.

ಒಂದು ದಿನದ ಮರಿಗೆ ಮೊದಲ ವಾರ 32ರಿಂದ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಬಲ್ಬಿನ ಕೆಳಗೆ ಒತ್ತಾಗಿ ಸೇರಿದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ.

ಬೆಳೆದ ಕೋಳಿ ತಂದರೆ ಗುಣ ಕಣ್ಣಿಗೆ ಕಾಣುತ್ತೆ, ಆ ವರ್ಷವೇ ಮರಿ ಸಿಗುತ್ತೆ. ಆದರೆ ಸಂತೆಯ ಕೋಳಿ ತಂದು ನೇರ ಹಿಂಡಿಗೆ ಬಿಡಬೇಡಿ. ಐದು ಊರಿನ ಕೋಳಿ ಒಂದೇ ಮಂಕರಿಯಲ್ಲಿ ಉಸಿರಾಡಿ ಬಂದಿರುತ್ತೆ. ನಾನು ಒಂದು ಸಲ ಅವಸರ ಮಾಡಿದೆ. ಹತ್ತು ದಿನದಲ್ಲಿ ಹದಿನಾಲ್ಕು ಕೋಳಿ ಹೋದವು. ಈಗ ಹೊಸದು ಬಂದರೆ ತೋಟದ ಇನ್ನೊಂದು ಮೂಲೆಯಲ್ಲಿ ಮೂರು ವಾರ ಬೇರೆ ಇಡುತ್ತೇನೆ. ಅದಕ್ಕೆ ಕಾಳು ಹಾಕುವುದು ಕೊನೆಗೆ, ನಮ್ಮ ಹಿಂಡನ್ನೆಲ್ಲ ನೋಡಿಕೊಂಡ ಮೇಲೆ.

ಎಷ್ಟು ಹುಂಜ ಇಡಬೇಕು?

ಬಹಳ ಜನ ಎಡವುವುದು ಇಲ್ಲೇ. "ಹತ್ತು ಹೇಂಟೆಗೆ ಒಂದು ಹುಂಜ ಸಾಕು" ಅನ್ನುತ್ತಾರೆ. ಮೊಟ್ಟೆಗೆ ಬೀಜ ಕಟ್ಟೋಕೆ ಸಾಕು, ನಿಜ. ತಳಿ ಉಳಿಯೋಕೆ ಸಾಲದು.

ಒಂದೇ ಹುಂಜ ಇದ್ದರೆ ಆ ವರ್ಷದ ಮರಿಯೆಲ್ಲ ಒಂದೇ ತಂದೆಯ ಮಕ್ಕಳು. ಮುಂದಿನ ವರ್ಷ ಅಣ್ಣ ತಂಗಿಯೇ ಕೂಡುತ್ತವೆ. ರಕ್ತ ಹತ್ತಿರವಾಗುವುದು ತಲೆಮಾರಿಗೆ ಎಷ್ಟು ಅಂತ ತಿಳಿಯೋಕೆ ಒಂದು ಸರಳ ಲೆಕ್ಕ ಇದೆ. ಹುಂಜಗಳ ಸಂಖ್ಯೆಯನ್ನು 8ರಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿ. ಹೇಂಟೆಗಳಿಗೂ ಹಾಗೇ ಮಾಡಿ. ಎರಡನ್ನೂ ಕೂಡಿ. ಒಂದು ಹುಂಜ, 10 ಹೇಂಟೆಗೆ ಸುಮಾರು 14% ಬರುತ್ತೆ. ಹೇಂಟೆಗಳನ್ನು 20ಕ್ಕೆ ಏರಿಸಿದರೆ? 13%. ಏನೂ ಇಳಿಯಲಿಲ್ಲ, ಅಲ್ವಾ? ಈಗ ಮೂರು ಹುಂಜ, 9 ಹೇಂಟೆ ಇಟ್ಟು ನೋಡಿ. ಐದೂವರೆಗೆ ಇಳಿಯುತ್ತೆ. ಕೋಳಿ ಒಟ್ಟು ಹನ್ನೆರಡೇ.

ರಕ್ತ ಹತ್ತಿರವಾದರೆ ಒಂದೇ ವರ್ಷಕ್ಕೆ ಏನೂ ಕಾಣೋದಿಲ್ಲ. ಮೆಲ್ಲಗೆ ಮೊಟ್ಟೆಯೊಳಗೇ ಮರಿ ಸಾಯುವುದು ಜಾಸ್ತಿಯಾಗುತ್ತೆ, ಹುಟ್ಟಿದ ಮರಿ ಸೊರಗುತ್ತೆ, ಹೇಂಟೆ ಮೊಟ್ಟೆ ಕಡಿಮೆ ಮಾಡುತ್ತೆ. ಜನ ಮೇವನ್ನು ಬೈಯುತ್ತಾರೆ, ಹವೆಯನ್ನು ಬೈಯುತ್ತಾರೆ.

ಇದಕ್ಕೆ ನಾನು ಮಾಡಿಕೊಂಡ ದಾರಿ ನಮ್ಮ ಹಿರಿಯರ ಬೆಡಗಿನ, ಅಂದರೆ ಕುಲದೊಳಗಿನ ವಂಶದ, ಲೆಕ್ಕವೇ. ನಮ್ಮ ಕಡೆ ಮದುವೆ ಮಾತಿಗೆ ಮುಂಚೆ ಬೆಡಗು ಕೇಳುತ್ತಾರೆ. ಒಂದೇ ಬೆಡಗಾದರೆ ಮಾತು ಅಲ್ಲಿಗೇ ನಿಂತಿತು. ಕೋಳಿಗಳನ್ನೂ ಮೂರು ಬೆಡಗು ಮಾಡಿ. ಕಾಲಿಗೆ ಕೆಂಪು, ನೀಲಿ, ಹಳದಿ ಬಳೆ ಹಾಕಿ. ಒಂದೊಂದಕ್ಕೆ ಒಂದು ಹುಂಜ, ಮೂರ್ನಾಲ್ಕು ಹೇಂಟೆ. ಮರಿ ಯಾವಾಗಲೂ ತಾಯಿಯ ಬೆಡಗಿಗೆ ಸೇರಿದ್ದು. ಹೆಣ್ಣು ಮರಿ ತಾಯಿಮನೆಯಲ್ಲೇ ಉಳಿಯುತ್ತೆ. ಗಂಡು ಮರಿ ಮುಂದಿನ ಬೆಡಗಿಗೆ ಹೋಗುತ್ತೆ. ಕೆಂಪಿನದು ನೀಲಿಗೆ, ನೀಲಿಯದು ಹಳದಿಗೆ, ಹಳದಿಯದು ಕೆಂಪಿಗೆ. ಈ ದಿಕ್ಕನ್ನು ಯಾವತ್ತೂ ಬದಲಿಸಬಾರದು. ಅಣ್ಣ ತಂಗಿ ಕೂಡುವ ಮಾತೇ ಇಲ್ಲ.

ವರ್ಷವಿಡೀ ಬೇರೆ ಬೇರೆ ಗೂಡು ಬೇಕಿಲ್ಲ. ತಳಿಗೆ ಮೊಟ್ಟೆ ಎತ್ತಿಡುವ ಆರೆಂಟು ವಾರ ಸಾಕು. ಉಳಿದ ದಿನ ಒಟ್ಟಿಗೆ ಮೇಯಲಿ. ಆದರೆ ಬೇರೆ ಮಾಡಿದ ದಿನದಿಂದ ಮೂರು ವಾರ ಕಾಯಬೇಕು. ಹುಂಜ ಹೋದ ಮೇಲೂ ಎರಡು ವಾರಕ್ಕಿಂತ ಜಾಸ್ತಿ ದಿನ ಅದರ ಬೀಜ ಹೇಂಟೆಯೊಳಗೆ ಉಳಿದಿರುತ್ತೆ. ಆ ಮೂರು ವಾರದ ಮೊಟ್ಟೆ ಅಡುಗೆಮನೆಗೆ.

ಮೂರು ಗೂಡಿಗೆ ಜಾಗ ಇಲ್ಲದವರು ಊರಲ್ಲೇ ಇನ್ನಿಬ್ಬರನ್ನು ಜೊತೆ ಮಾಡಿಕೊಳ್ಳಿ. ಒಂದೊಂದು ಮನೆ ಒಂದೊಂದು ಬೆಡಗು. ವರ್ಷಕ್ಕೊಂದು ಸಲ ಹುಂಜ ಮುಂದಿನ ಮನೆಗೆ ಹೋಗುತ್ತೆ. ಖರ್ಚಿಲ್ಲದ ಇಂಥ ದಾರಿ ಇನ್ನೊಂದಿಲ್ಲ. ಒಬ್ಬರ ಮನೆಗೆ ರೋಗ ಬಿದ್ದರೂ ತಳಿ ಇನ್ನೆರಡು ಮನೆಯಲ್ಲಿ ಉಳಿದಿರುತ್ತೆ.

ಹುಂಜ ಆರಿಸುವಾಗ ಜನ ಬಣ್ಣ, ಬಾಲ ನೋಡುತ್ತಾರೆ. ನಾನು ಅದರ ತಾಯಿಯನ್ನು ನೋಡುತ್ತೇನೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನುತ್ತಾರಲ್ಲ, ಕೋಳಿಯಲ್ಲಿ ತಾಯಿಯ ಗುಣ ಮಗನ ಮೂಲಕವೂ ಮೊಮ್ಮಗಳಿಗೆ ಇಳಿಯುತ್ತೆ. ಎರಡು ತಿಂಗಳ ತನಕ ಅತಿ ಹೆಚ್ಚು ಮರಿ ಉಳಿಸಿದ ಹೇಂಟೆ ಯಾವುದು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದರ ಮಗನೇ ಮುಂದಿನ ಹುಂಜ.

ಕಾವಿಗೆ ಹೇಂಟೆಯೋ, ಇನ್‌ಕ್ಯುಬೇಟರೋ?

ಮೆಷಿನ್ನಿನ ಅನುಕೂಲ ನಿಜ. ಬೇಕಾದಾಗ, ಬೇಕಾದಷ್ಟು ಮೊಟ್ಟೆ ಇಡಬಹುದು. ಶಾಖ 37.5ರಿಂದ 37.8 ಡಿಗ್ರಿ. ಮೊದಲ 18 ದಿನ ತೇವ 50ರಿಂದ 60%, ಕೊನೆಯ ಮೂರು ದಿನ 65ರ ಮೇಲೆ. 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಸಲ ಮೊಟ್ಟೆ ಹೊರಳಿಸಬೇಕು, ಆಮೇಲೆ ಮುಟ್ಟಬಾರದು. 21ನೇ ದಿನ ಮರಿ. ಹಳ್ಳಿಯಲ್ಲಿ ಇದರ ಶತ್ರು ಕರೆಂಟು. ಬ್ಯಾಟರಿ ಇಲ್ಲದೆ ಮೆಷಿನ್ ತರಬೇಡಿ. ಮರಿ ಎದ್ದ ಮೇಲೆ ಬಲ್ಬು, ಸ್ಟಾರ್ಟರ್ ಫೀಡು, ಕಾವಲು ಎಲ್ಲ ನಿಮ್ಮದೇ.

ಹೇಂಟೆ 10, 12 ಮೊಟ್ಟೆಗೆ ಕೂರುತ್ತೆ. ಶಾಖ, ತೇವ, ಹೊರಳಿಸುವುದು ಎಲ್ಲ ಅದರದೇ ಲೆಕ್ಕ. ದಿನಕ್ಕೊಂದು ಸಲ ಎದ್ದು ಹತ್ತಿಪ್ಪತ್ತು ನಿಮಿಷ ಮೇಯ್ದು ಬರುತ್ತೆ, ಗಾಬರಿಯಾಗಬೇಡಿ. ಮಂಕರಿಯಲ್ಲಿ ಮರಳು, ಅದರ ಮೇಲೆ ಒಣಹುಲ್ಲು. ನಮ್ಮಜ್ಜಿ ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಿದ್ದರು. ಈಗಲೂ ನಾನು ಇಡುತ್ತೇನೆ. ಅವರ ಕೈ ನೆನಪಾಗುತ್ತೆ. ಏಳನೇ ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿ. ಕೆಂಪು ನರ ಹರಡಿದ್ದರೆ ಮರಿ ಇದೆ. ಗಾಜಿನ ಹಾಗೆ ತಿಳಿಯಾಗಿದ್ದರೆ ತೆಗೆದುಬಿಡಿ.

ಹೇಂಟೆಯ ಕಡೆ ನಷ್ಟ ಏನು? ಕಾವು, ಮರಿ ಸಾಕುವುದು ಸೇರಿ ಎರಡು ಮೂರು ತಿಂಗಳು ಮೊಟ್ಟೆ ಇಲ್ಲ. ಅದಕ್ಕೊಂದು ಉಪಾಯ ಇದೆ. ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿ. ಮರಿ ಎದ್ದ ರಾತ್ರಿ ಕತ್ತಲಲ್ಲಿ ಎಲ್ಲ ಮರಿಯನ್ನೂ ಒಂದರ ರೆಕ್ಕೆಯೊಳಗೆ ಬಿಡಿ. ಇನ್ನೊಂದು ಬೇಗ ಮೊಟ್ಟೆಗೆ ತಿರುಗುತ್ತೆ.

ಆದರೆ ನಾನು ಹೇಂಟೆಯ ಕಡೆ ನಿಲ್ಲುವುದು ಬೇರೆ ಕಾರಣಕ್ಕೆ. ಮೆಷಿನ್ ಎಲ್ಲ ಮೊಟ್ಟೆಯನ್ನೂ ಒಂದೇ ಸಮ ಮರಿ ಮಾಡುತ್ತೆ. ಕಾವು ಕೂರುವ ತಾಯಿಯದು, ಕೂರದ ತಾಯಿಯದು ಅಂತ ಅದಕ್ಕೆ ಗೊತ್ತಿಲ್ಲ. ಕೂರದ ಹೇಂಟೆ ಮೊಟ್ಟೆ ಜಾಸ್ತಿ ಇಡುತ್ತೆ, ಹಾಗಾಗಿ ಮೆಷಿನ್ನಿನಲ್ಲಿ ಅದರ ಮಕ್ಕಳೇ ಜಾಸ್ತಿ. ಕೆಲವೇ ತಲೆಮಾರಿನಲ್ಲಿ ಹಿಂಡಿನ ಗುಣವೇ ಬದಲಾಗುತ್ತೆ. ಮೊಟ್ಟೆಗೆಂದೇ ಬೆಳೆಸಿದ ವಿದೇಶಿ ತಳಿ ಲೆಗ್‌ಹಾರ್ನ್ ಕೋಳಿಗೆ ಕಾವು ಮರೆತುಹೋದದ್ದು ಹೀಗೆ ಆರಿಸಿ ಆರಿಸಿಯೇ. ಮಾರಲು ಮರಿ ಬೇಕಾದರೆ ಮೆಷಿನ್ ಇಡಿ. ತಳಿಗೆ ಇಟ್ಟುಕೊಳ್ಳುವ ಮರಿ ಮಾತ್ರ ತಾಯಿಯ ಕೆಳಗೇ ಎದ್ದಿರಲಿ, ಕೂತು ಸಾಕಿದ ತಾಯಿಯ ಮೊಟ್ಟೆಯೇ ಆಗಿರಲಿ. ಬೇರೆಯದರ ಮೊಟ್ಟೆ ಸೇರದ ಹಾಗೆ ಪೆನ್ಸಿಲಿನಲ್ಲಿ ಗುರುತು ಹಾಕಿಡಿ. ಕಡಕನಾಥ್ ಒಂದಕ್ಕೆ ಈ ಮಾತು ನಡೆಯೋದಿಲ್ಲ, ಅದಕ್ಕೆ ಸಾಕುತಾಯಿಯೇ ಗತಿ.

ಲಸಿಕೆ

ಇದರಲ್ಲಿ ಆಯ್ಕೆ ಇಲ್ಲ, ಹಾಕಿಸಲೇಬೇಕು. "ನಾಟಿಗೆ ರೋಗ ಬರಲ್ಲ" ಅನ್ನುವ ಮಾತಿನಿಂದ ಎಷ್ಟೋ ಹಿಂಡು ಹೋಗಿದೆ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ನಾಟಿ, ಅಸೀಲ್ ಅಂತ ನೋಡೋದಿಲ್ಲ. ಮರಿಗೆ 5ರಿಂದ 7ನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಈ ರೋಗ ತಡೆಯುವ ಲಸೋಟಾ ಲಸಿಕೆಯ ಹನಿ, ನಾಲ್ಕನೇ ವಾರಕ್ಕೆ ಇನ್ನೊಂದು ಸಲ, ಎಂಟನೇ ವಾರಕ್ಕೆ ಅದೇ ರೋಗಕ್ಕೆ ಆರ್‌2ಬಿ ಇಂಜೆಕ್ಷನ್. ನಡುವೆ ಗಂಬೊರೊ ಅನ್ನುವ ಮರಿಗಳ ಇನ್ನೊಂದು ರೋಗ ಮತ್ತು ಸಿಡುಬಿನ ಲಸಿಕೆಗೆ ನಿಮ್ಮ ಪಶು ಆಸ್ಪತ್ರೆಯ ಡಾಕ್ಟರ್ ಹೇಳುವ ದಿನ ಪಾಲಿಸಿ. ಸಣ್ಣ ಹಿಂಡಿನವರ ಕಷ್ಟ ಏನೆಂದರೆ ಸೀಸೆಯಲ್ಲಿ 100 ಕೋಳಿಗಾಗುವಷ್ಟು ಇರುತ್ತೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಬೆಡಗು ಹಂಚಿಕೊಂಡ ಮೂರು ಮನೆಯವರು ಒಂದೇ ವಾರ ಮರಿ ಎಬ್ಬಿಸಿದರೆ ಒಂದೇ ಸೀಸೆ ಎಲ್ಲರಿಗೂ ಆಯಿತು. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ.

ಯಾವಾಗ ಶುರು ಮಾಡಬೇಕು?

ಮಳೆಗಾಲದ ಒದ್ದೆಯಲ್ಲಿ ಮರಿಗಳಿಗೆ ರಕ್ತಭೇದಿ ಕಾಟ. ಬೇಸಿಗೆಯಲ್ಲಿ ಸಿಡುಬು, ಜೊತೆಗೆ ಎತ್ತಿಟ್ಟ ಮೊಟ್ಟೆ ಸೆಕೆಗೆ ಕೆಡುವುದು. ನಮ್ಮ ಬಯಲುಸೀಮೆಗೆ ದೀಪಾವಳಿ ಕಳೆದ ಮೇಲಿನ ದಿನಗಳೇ ಹದ. ಮಳೆ ನಿಂತಿರುತ್ತೆ, ರಾಗಿ ಕೊಯ್ಲಿನ ಕಾಳು ಕಣದಲ್ಲಿ ಉದುರಿರುತ್ತೆ, ಗೆದ್ದಲು ಸಿಗುತ್ತೆ. ಮಡಕೆಯೊಳಗೆ ಹಳೇ ಗೋಣಿ, ಒಣ ಸಗಣಿ ತುಂಬಿ, ನೀರು ಚಿಮುಕಿಸಿ, ಸಂಜೆ ಹುತ್ತದ ಹತ್ತಿರ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಮರಿಗಳಿಗೆ ಹಬ್ಬ.

ಹಾಗಾದರೆ ಬಳೆ ಹಾಕಿ ಬೆಡಗು ಬೇರೆ ಮಾಡುವುದು ಆಯುಧಪೂಜೆಯ ವಾರ. ಮೂರು ವಾರ ಕಳೆದರೆ ದೀಪಾವಳಿ ಎದುರಿಗೇ. ಆಗ ಇಟ್ಟ ಮೊದಲ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು, ತಾಯಿಯ ಬಳೆಯ ಬಣ್ಣ ಬರೆದು ರಾಗಿ ತುಂಬಿದ ಮಡಕೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡಿ. ಏಳು ದಿನದೊಳಗೆ ಒಂದು ಹೇಂಟೆ ಗೂಡು ಬಿಟ್ಟು ಏಳದೆ, ಕೈ ಹಾಕಿದರೆ ಗರಿ ಕೆದರಿ ಗುರುಗುಟ್ಟುತ್ತೆ. ಅವತ್ತು ರಾತ್ರಿಯೇ ಕೂರಿಸಿ.